ಪುಂಡಿನಾರಿನ ಗಾಲಿ

ಆ ವರ್ಷ ನನ್ನ ಹೆಂಡತಿಗೆ ನಿದ್ದೆ ಬರುತ್ತಿದ್ದ ಜಾಗ ಭೂಮಿಯ ಮೇಲೆ ಒಂದೇ ಒಂದಿತ್ತು: ಗೋಕಾಕದಿಂದ ಹುಕ್ಕೇರಿಗೆ ಹೋಗುವ ಸರ್ವಿಸ್ ಮೋಟಾರಿನ ಮುಂದಿನ ಸೀಟಿನ ಎಡ ಮೂಲೆ. ಹಾಸಿಗೆಯಲ್ಲಿ ಬರುತ್ತಿರಲಿಲ್ಲ. ಅಂಗಳದ ಹೊರಸಿನ ಮೇಲೆ ಬರುತ್ತಿರಲಿಲ್ಲ. ಮೂಡಲಗಿಯ ತವರುಮನೆಯಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟರೂ ಬರುತ್ತಿರಲಿಲ್ಲ. ಆ ಸೀಟಿನಲ್ಲಿ ಕೂತು, ಮೋಟಾರು ಊರ ಹೊರಗಿನ ಹುಣಸೆಮರ ದಾಟಿತೆಂದರೆ ಸಾಕು, ಮಡಚಿದ ಎಲೆ ಅಡಿಕೆ ಬಾಯಿಗೆ ಹೋಗುವ ಮೊದಲೇ ಅವಳ ಕಣ್ಣು ಮುಚ್ಚುತ್ತಿದ್ದವು.

ಅದಕ್ಕೂ ಮೊದಲು ವಿಷಮಜ್ವರ ಬಂದಿತ್ತು. ಮೂರು ವಾರ ಇದ್ದು ಹೋಯಿತು. ಹೋಗುವಾಗ ಅವಳ ನಿದ್ದೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಇದು ಯಾವ ನ್ಯಾಯವೂ ಅಲ್ಲ. ನಮ್ಮ ಮನೆಯಲ್ಲಿ ಚಿಂತೆ ಮಾಡುವ ಕೆಲಸ ಮೊದಲಿನಿಂದಲೂ ನನ್ನದು. ಮಳೆ ಬಂದರೆ ರಸ್ತೆ ಕೊಚ್ಚಿಹೋದೀತು ಎಂದು, ಬಾರದಿದ್ದರೆ ಧೂಳು ಎಂಜಿನ್ನಿಗೆ ಹೊಕ್ಕೀತು ಎಂದು, ಎರಡೂ ಆಗದಿದ್ದರೆ ಏನೋ ದೊಡ್ಡದೇ ಕಾದಿದೆ ಎಂದು ಚಿಂತಿಸುತ್ತ ದಿನ ಕಳೆಯುವವನು ನಾನು. ಆದರೆ ತಲೆ ದಿಂಬಿಗೆ ಸೋಕಿತೋ ಇಲ್ಲವೋ, ಮೂಟೆ ಇಳಿಸಿದ ಹಮಾಲನ ಹಾಗೆ ಗೊರಕೆ ಹೊಡೆಯುತ್ತಿದ್ದೆ. ಎಂದೂ ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಅವಳು ಪಕ್ಕದಲ್ಲಿ ಕಣ್ಣು ತೆರೆದು ಮಲಗಿರುತ್ತಿದ್ದಳು.

ತಿಂಗಳುಗಳು ಕಳೆದ ಹಾಗೆ ಅವಳು ಮನೆಯಲ್ಲಿದ್ದೂ ಇಲ್ಲದ ಹಾಗಾದಳು. ಒಲೆಯ ಮೇಲೆ ರೊಟ್ಟಿ ಕರಕಲಾಗುತ್ತಿತ್ತು, ಅವಳು ಅದನ್ನೇ ನೋಡುತ್ತ ನಿಂತಿರುತ್ತಿದ್ದಳು. ಇವತ್ತು ಯಾವ ವಾರ ಎಂದು ಒಂದೇ ದಿನ ನಾಲ್ಕು ಸಲ ಕೇಳಿದಳು. ಹಳೆಬಟ್ಟೆ ಪದರ ಪದರ ಹಾಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಸರಿಗಟ್ಟುವವರು ಓಣಿಯಲ್ಲಿ ಇರಲಿಲ್ಲ. ಆ ಸೂಜಿಗೆ ತುಕ್ಕು ಹತ್ತಿತು. ಒಂದು ಬೆಳಿಗ್ಗೆ ನಾನು ಊಟದ ಗಂಟು ಹಿಡಿದು ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು, ಬಹಳ ಮರ್ಯಾದೆಯಿಂದ, "ನೀವು ಯಾರ ಪೈಕಿರಿ?" ಎಂದಳು. ಮರುಗಳಿಗೆ ಅವಳಿಗೇ ಹೊಳೆದು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಇಷ್ಟು ವರ್ಷ ನಾನು ಮಾಡಿದ ಚಿಂತೆಗಳೆಲ್ಲ ಬರೀ ರಿಯಾಜು ಎಂದು ಆ ದಿನ ತಿಳಿಯಿತು.

ಗೋಕಾಕದ ವೈದ್ಯರು ಗಸಗಸೆ ಕೊಟ್ಟರು, ಅಂಗಾಲಿಗೆ ತುಪ್ಪ ತಿಕ್ಕಿಸಿದರು. ಕೊನೆಗೆ, "ನಿದ್ದಿ ಇಲ್ದ ಔಷಧ ಮೈಗೆ ಹತ್ತೂದಿಲ್ರಿ. ಹಿಂಗ ಇನ್ನೊಂದು ಆರು ತಿಂಗಳು ನಡದ್ರ ಬುದ್ಧಿಗೆ ಪೆಟ್ಟು ಬೀಳತೈತಿ. ಹುಕ್ಕೇರಿ ಡಾಕ್ಟರಿಗೆ ಒಮ್ಮೆ ತೋರಸ್ರಿ" ಎಂದರು.

ಹುಕ್ಕೇರಿಗೆ ಹೋಗುವುದು ನನಗೆ ದಿನದ ಕೆಲಸ. ನಾನು ಆ ಮೋಟಾರಿನ ಮಿಸ್ತ್ರಿ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲವಾಗಿ ಮೋಟಾರಿನ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಡಬ್ಬಿ ಕಟ್ಟಿದ್ದರು. ಅದರ ಹೊಗೆಯಿಂದ ಎಂಜಿನ್ನು ನಡೆಯುತ್ತಿತ್ತು. ಅದನ್ನು ಕೆದಕುವುದಕ್ಕೆ ಒಬ್ಬ ಮನುಷ್ಯ ಸದಾ ಜೊತೆಗಿರಬೇಕು. ಮೋಟಾರಿನ ಮಾಲೀಕರೇ ಅದನ್ನು ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ದೊಡ್ಡ ಮೈ, ಅದಕ್ಕಿಂತ ದೊಡ್ಡ ದನಿ. ರಬ್ಬರಿನ ಬುಗ್ಗೆಯ ಹಾರ್ನು ಅವರ ಪ್ರಾಣ. ಬಯಲಲ್ಲಿ ಒಂದು ಮೇಕೆ ಕಂಡರೂ ಒತ್ತುವವರು.

ಆ ದಿನ ಅವಳನ್ನು ಮುಂದೆ ಕೂರಿಸಿ ನಾನು ಹಿಂದೆ ಡಬ್ಬಿಯ ಪಕ್ಕ ನಿಂತೆ. ದಾರಿಯುದ್ದಕ್ಕೂ ಡಾಕ್ಟರಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಹುಕ್ಕೇರಿಯಲ್ಲಿ ಇಳಿಸಲು ಬಂದರೆ ಅವಳು ಮೂಲೆಯಲ್ಲಿ ಒರಗಿ ಬಾಯಿ ತೆರೆದು ಮಲಗಿದ್ದಾಳೆ. ಸೀಟಿನ ಹೊಲಿಗೆ ಕೆನ್ನೆಯ ಮೇಲೆ ಅಚ್ಚೊತ್ತಿದೆ. ಎಬ್ಬಿಸಿ ಕರೆದುಕೊಂಡು ಹೋದೆ. ಡಾಕ್ಟರು ಏನು ತ್ರಾಸು ಎಂದರು. "ನಿದ್ದಿ ಬರಂಗಿಲ್ರಿ" ಎಂದು ಅವಳು ಆಕಳಿಸಿದಳು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಆಮೇಲೆ ವಾರಕ್ಕೆ ಮೂರು ನಾಲ್ಕು ಸಲ ಅವಳು ನಮ್ಮ ಮೋಟಾರಿನಲ್ಲಿ ಹುಕ್ಕೇರಿಗೆ ಹೋಗಿ, ಕೆಳಗಿಳಿಯದೆಯೇ ವಾಪಸು ಬರತೊಡಗಿದಳು. ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ. ಸಾವ್ಕಾರ್ರು, "ಕೂಡ್ಲಿ ಬಿಡೋ ಮಿಸ್ತ್ರಿ, ಎಂಜಿನ್ನಿಗೆ ಭಾರ ಆಗೂದಿಲ್ಲ" ಎಂದರು. ರೊಟ್ಟಿ ಮತ್ತೆ ಬಿಳುಪಾಯಿತು. ವಾರದ ಹೆಸರುಗಳು ಒಂದೊಂದಾಗಿ ಅವಳ ಹತ್ತಿರ ಮರಳಿ ಬಂದವು.

ಆ ಪ್ರಯಾಣಗಳು ನನಗೆ ಈಗಲೂ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತವೆ. ಬೆಳಗಿನಲ್ಲಿ ಘಟಪ್ರಭೆಯ ಮೇಲಿನ ಮಂಜು ಕಬ್ಬಿನ ಹೊಲಗಳ ಒಳಗೆ ಬಂದು ಸೊಂಟದವರೆಗೆ ನಿಂತಿರುತ್ತಿತ್ತು. ಮೇಲೆ ಬರೀ ಕಬ್ಬಿನ ಸುಳಿಗಳು, ಅವುಗಳ ನಡುವೆ ಎಲ್ಲೋ ಕುರಿ ಕಾಯುವವನ ತಲೆಯ ರುಮಾಲು ಒಂದೇ ತೇಲಿ ಹೋಗುತ್ತಿತ್ತು. ಏರಿನಲ್ಲಿ ಇದ್ದಿಲ ಹೊಗೆಗೆ ಬಲ ಸಾಲದೆ ಗಂಡಸರೆಲ್ಲ ಇಳಿದು ಮೋಟಾರಿನ ಪಕ್ಕದಲ್ಲಿ ನಡೆಯುತ್ತಿದ್ದರು. ಒಳಗೆ ಅವಳು ಮಲಗಿರುತ್ತಿದ್ದಳು. ಎಂಜಿನ್ನು ತುಂಬಿದ ಬಾವಿಗೆ ಕೊಡ ಇಳಿಸಿದ ಹಾಗೆ, ಬುಳುಬುಳು ಎಂದು, ಮೆತ್ತಗೆ ನಡೆಯುತ್ತಿತ್ತು. ಅಷ್ಟು ಮೆತ್ತಗೆ ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಕೆಟ್ಟದ್ದರ ಕಾರಣ ಹುಡುಕುವುದು ನನ್ನ ಚಾಳಿ. ಒಳ್ಳೆಯದರ ಕಾರಣ ಹುಡುಕುವಷ್ಟು ಪುರಸೊತ್ತು ನನಗೆಲ್ಲಿತ್ತು?

ಕಾರಣ ಒಂದು ದಿನ ಮುರಿದು ಕೈಗೆ ಬಂತು. ಘೋಡಗೇರಿಯ ಹತ್ತಿರ ಎಂಜಿನ್ನು ಸದ್ದೇ ಮಾಡದೆ ನಿಂತಿತು. ಮುಂದಿನ ಮುಚ್ಚಳ ಬಿಚ್ಚಿ ಕೈ ಹಾಕಿದೆ. ಎಂಜಿನ್ನಿನ ಉಸಿರಾಟದ ತಾಳ ನೋಡಿಕೊಳ್ಳುವ ದೊಡ್ಡ ಹಲ್ಲುಗಾಲಿಯೊಂದು ಅಲ್ಲಿರುತ್ತದೆ. ಅದಕ್ಕೆ ಉಕ್ಕಿನ ಸಣ್ಣ ಗಾಲಿಯೊಂದು ಹಲ್ಲಿಗೆ ಹಲ್ಲು ಕೂಡಿಸಿ ತಿರುಗಿಸುತ್ತದೆ. ದೊಡ್ಡದರ ನಾಲ್ಕು ಹಲ್ಲು ಉದುರಿದ್ದವು. ಒಂದನ್ನು ಬಿಸಿಲಿಗೆ ಹಿಡಿದೆ. ಬೆಲ್ಲದ ಬಣ್ಣ. ಮುರಿದ ಬಾಯಲ್ಲಿ ನೂಲು ಕಾಣಿಸಿತು. ಉಗುರಿನಿಂದ ಎಬ್ಬಿಸಿದರೆ ಪದರ ಪದರವಾಗಿ ನೇಯ್ದ ಬಟ್ಟೆ.

"ಸಾವ್ಕಾರ್ರ, ಇದು ಅರಿವಿ ಐತಿ."

"ಎಂಜಿನ್ನಿನಾಗ ಅರಿವಿ? ಯಾವನೋ ಒರಸಿ ಒಳಗ ಬಿಟ್ಟಿರಬೇಕು."

"ಗಾಲಿನ ಅರಿವೀದರಿ. ಅಂಟಿನಾಗ ಅದ್ದಿ ಒತ್ಯಾರ."

ಅವರು ಹಲ್ಲನ್ನು ತೆಗೆದುಕೊಂಡು ಕಚ್ಚಿ ನೋಡಿದರು. ನಾಲ್ಕು ವರ್ಷ ತಾವು ಧೋತರದ ಮೇಲೆ ಮೋಟಾರು ಓಡಿಸಿದೆವೆಂದು ತಿಳಿದು ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೋಟಾರು ಮಾಡಿದವರು ಸಮುದ್ರದ ಆಚೆ ಇದ್ದರು. ಬೈಗಳೆಲ್ಲ ನನಗೇ ಬಿದ್ದವು.

ಯುದ್ಧ ಮುಗಿಯುವವರೆಗೆ ಹೊಸ ಗಾಲಿ ಬರುವ ಮಾತಿರಲಿಲ್ಲ. ಎರಕದವನೊಬ್ಬನ ಹತ್ತಿರ ಸಾವ್ಕಾರ್ರು ಹಿತ್ತಾಳೆಯ ಗಾಲಿ ಹೊಯ್ಯಿಸಿದರು. ನಾನೇ ಅದರ ಹಲ್ಲು ಅರದಿಂದ ಉಜ್ಜಿ ಕೂರಿಸಿದೆ. ಎಂಜಿನ್ನು ನಡೆಯಿತು. ಆದರೆ ಲೋಹಕ್ಕೆ ಲೋಹ ತಾಗಿ ಗರಗಸ ಮಸೆಯುವಾಗಿನ ಕೀರಲು ಎದ್ದಿತು. ಗೋಕಾಕದಿಂದ ಹುಕ್ಕೇರಿಯವರೆಗೆ ಅದು ಒಂದು ಗಳಿಗೆಯೂ ನಿಲ್ಲಲಿಲ್ಲ. ಸಾವ್ಕಾರ್ರಿಗೆ ಹಿಗ್ಗು. "ಈಗ ನೋಡು, ಮೋಟಾರ ಬರಾಕತ್ತೈತಿ ಅಂತ ಊರಿಗೆ ಮೊದಲ ಗೊತ್ತಾಗತೈತಿ" ಎಂದರು.

ಅವಳು ಹುಕ್ಕೇರಿಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. "ಮೋಟಾರ ಹಲ್ಲು ಕಡ್ಯಾಕತ್ತೈತ್ರಿ" ಎಂದಳು. ಅಷ್ಟೇ. ಎಂಟು ದಿನದಲ್ಲಿ ರೊಟ್ಟಿ ಕರಕಲಾಗತೊಡಗಿತು. ಹತ್ತನೆಯ ದಿನ ವಾರ ಯಾವುದೆಂದು ಕೇಳಿದಳು.

ಮೆತ್ತನೆಯ ಗಾಲಿ ನಾನೇ ಮಾಡುತ್ತೇನೆಂದು ಹೊರಟೆ. ನನ್ನ ಜಾಣತನಕ್ಕೆ ಮೊದಲು ಸಿಕ್ಕಿದ್ದು ಅರಗು. ಗೋಕಾಕದ ಗೊಂಬೆ ಮಾಡುವವರ ಹತ್ತಿರ ಅರಗು ತಂದು, ಕರಗಿಸಿ, ಅವಳ ತವರಿನಿಂದ ತಂದ ಪುಂಡಿನಾರನ್ನು ಅದರಲ್ಲಿ ಕಲಸಿ ಅಚ್ಚು ಹೊಯ್ದೆ. ಪುಂಡಿ ಎಂದರೆ ನಾವು ಸೊಪ್ಪನ್ನು ಪಲ್ಯಕ್ಕೂ ದಂಟಿನ ನಾರನ್ನು ಹಗ್ಗಕ್ಕೂ ಬಳಸುವ ಗಿಡ. ಎತ್ತು ಎಳೆದರೂ ಹರಿಯದ ನಾರು. ಗಾಲಿ ಕನ್ನಡಿಯ ಹಾಗೆ ಹೊಳೆಯಿತು. ಸುತ್ತಿಗೆಯಿಂದ ಬಡಿದರೆ ಸುತ್ತಿಗೆಯೇ ಪುಟಿಯಿತು. ಎಂಜಿನ್ನಿಗೆ ಹಾಕಿದೆ. ಊರ ಹೊರಗಿನ ಹುಣಸೆಮರದವರೆಗೆ ಮೋಟಾರು ಹಂಸದ ಹಾಗೆ ಹೋಯಿತು, ಅಲ್ಲಿಂದ ಮುಂದೆ ಹೋಗಲಿಲ್ಲ. ಎಣ್ಣೆ ಬಿಸಿಯಾದ ಕೂಡಲೇ ಅರಗು ತನ್ನ ಧರ್ಮ ತೋರಿಸಿತ್ತು. ಮುಚ್ಚಳ ತೆಗೆದರೆ ಒಳಗೆ ಕಾಕಂಬಿ, ಕಾಕಂಬಿಯಲ್ಲಿ ಮುದುಕನ ಗಡ್ಡದಂಥ ನಾರು. ಅದನ್ನು ತೊಳೆಯಲು ನನಗೆ ಎರಡು ದಿನ ಹಿಡಿಯಿತು.

ಮಾರನೆಯ ವಾರ ಒಂದು ಮುಂಜಾನೆ ಸ್ನಾನ ಮಾಡಿ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದೆ. ಮನಸ್ಸು ಶಿವನಲ್ಲಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಎಂಜಿನ್ನಿನ ಮುಚ್ಚಳದೊಳಗೇ ಸುತ್ತುತ್ತಿತ್ತು. ನೀರೆರೆದು ಒರೆಸುವಾಗ ಹೆಬ್ಬೆರಳು ಲಿಂಗದ ಹೊರಗಿನ ಕರಿಯ ಲೇಪದ ಮೇಲೆ ಸರಿಯಿತು. ಅದಕ್ಕೆ ಕಂಥಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ನನ್ನ ಎದೆಯ ಮೇಲಿದೆ. ದಿನವೂ ನೀರು, ಬೂದಿ, ಬೆವರು. ಡಬ್ಬಿಯ ಮುಂದೆ ನಿಂತ ದಿನ ಬೆಂಕಿಯ ಝಳ. ಬಿರುಕಿಲ್ಲ, ಕರಗಿಲ್ಲ. ಇದು ಏನಿಂದ ಮಾಡಿದ್ದು ಎಂದು ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಯಮಕನಮರಡಿಯಲ್ಲಿ ಕಂಥಿ ಕಟ್ಟುವ ಅಯ್ಯನವರೊಬ್ಬರು ಇದ್ದರು. ತುಂಬ ವಯಸ್ಸಾದವರು. ಅವರ ಕಟ್ಟೆಯ ಕೆಳಗೆ ಕೂತು ನಾನು ಎಲ್ಲವನ್ನೂ ಹೇಳಿದೆ, ಪೂಜೆಯಲ್ಲಿ ಬಂದ ಯೋಚನೆಯನ್ನೂ ಸೇರಿಸಿ.

"ಲಿಂಗ ಕೈಯಾಗ ಹಿಡಕೊಂಡು ಗಾಲಿ ನೆನಸ್ತಿ ಏನೋ ತಮ್ಮಾ?"

"ತಪ್ಪಾತ್ರಿ ಅಜ್ಜಾರ."

"ಹೆಂಡ್ತಿ ನಿದ್ದಿ ಸಲುವಾಗಿ ಅಂತಿ. ಅಷ್ಟ ತಪ್ಪು ಅವಾ ನುಂಗ್ಕೋತಾನ ಬಿಡು." ಅವರು ನನ್ನನ್ನು ಕಟ್ಟೆಯ ಮೇಲೆ ಕರೆದು ಕೂರಿಸಿಕೊಂಡರು. "ಕಂಥಿ ಹೆಂಗ ಕಟ್ಟೂದು ಅನ್ನೂದನ್ನ ಪೂರ್ತಿ ಹೇಳಾಕ ಬರೂದಿಲ್ಲ. ನಿನಗ ಬೇಕಾದಷ್ಟು ಹೇಳ್ತೀನಿ. ಅರಗಿಗೆ ಬೆಂಕಿ ಅಂದ್ರ ಅಂಜಿಕಿ, ಕಂಡಕೂಡ್ಲೆ ನೀರಾಗತೈತಿ. ಕೇರೆಣ್ಣಿ ಹಂಗಲ್ಲ. ಸಾವಕಾಶ ಕಾಸು, ಒಂದೀಟು ಬೂದಿ ಹಾಕು. ಬೆಂಕಿ ತಿಂದು ಒಮ್ಮೆ ಗಟ್ಟಿ ಆತಂದ್ರ ಮುಂದ ಎಷ್ಟ ಕಾಸಿದ್ರೂ ಕರಗಂಗಿಲ್ಲ. ಖರೆ, ಮೈಗೆ ಹತ್ತಬಾರದು ನೋಡು. ಅದು ಯಾರ ಮಾರಿಯನ್ನೂ ನೋಡೂದಿಲ್ಲ."

ಕೇರೆಂದರೆ ಅಗಸರು ಬಟ್ಟೆಗೆ ಗುರುತು ಹಾಕುವ ಕರಿಬೀಜ. ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ನಾನು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ, ಬಟ್ಟೆ ಸುತ್ತಿಕೊಂಡೆ, ಗಾಳಿ ಬೀಸುವ ದಿಕ್ಕು ನೋಡಿ ಹಿತ್ತಲಲ್ಲಿ ಕೂತೆ. ಇಷ್ಟೆಲ್ಲ ಕಾಳಜಿ ಮಾಡಿದವನು ಕುದಿಯುವ ಗಡಿಗೆಯ ಮೇಲೆ ಬಗ್ಗಿ, ಗಟ್ಟಿಯಾಯಿತೇ ಎಂದು ಇಣುಕಿ ನೋಡಿದೆ. ಸಂಜೆಗೆ ಮುಖ ಕುಂಬಳಕಾಯಿಯಾಯಿತು. ಕಣ್ಣಿನ ಜಾಗದಲ್ಲಿ ಎರಡು ಗೆರೆ ಉಳಿದವು. ಅವಳು ಬಾಗಿಲಿಗೆ ಬಂದು ಬಹಳ ಹೊತ್ತು ನೋಡಿದಳು.

"ಈಗ ಖರೇನ ಕೇಳಾಕತ್ತೇನಿ. ನೀವು ಯಾರ ಪೈಕಿರಿ?"

ಜ್ವರ ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನೂ ನಗಲು ಹೋದೆ, ತುಟಿ ಒಪ್ಪಲಿಲ್ಲ. ಆದರೆ ಆ ನಗು ಅರ್ಧದಲ್ಲೇ ಎಲ್ಲಿಗೋ ಹೋಯಿತು. ಕೈಯಲ್ಲಿದ್ದ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಯಾಕೆ ತಂದೆನೆಂದು ಮರೆತು ಅವಳು ಅಲ್ಲೇ ನಿಂತಳು.

ಬಾವು ಇಳಿದ ಮೇಲೆ ಮೂಡಲಗಿಗೆ ಹೋದೆ. ಅವಳ ತವರಿನವರ ಬೆಲ್ಲದ ಗಾಣ ನಡೆದಿತ್ತು. ಪುಂಡಿನಾರನ್ನು ಹಣಿಗೆಯಿಂದ ಬಾಚಿ, ಎಲ್ಲ ಎಳೆಗಳನ್ನೂ ಒಂದೇ ದಿಕ್ಕಿಗೆ, ಮದುಮಗಳ ತಲೆಯ ಹಾಗೆ ನುಣ್ಣಗೆ ಹಾಸಿದೆ. ನಡುನಡುವೆ ನನ್ನ ಹಳೆಯ ಧೋತರದ ತುಂಡು. ಎಲ್ಲಕ್ಕೂ ಕೇರೆಣ್ಣೆಯ ಪಾಕ. ಎರಡು ಕಬ್ಬಿಣದ ಹಲಗೆಗಳ ನಡುವೆ ಇಟ್ಟು, ಬೋಲ್ಟು ಬಿಗಿದು, ಗಾಣದ ಒಲೆಯ ಬಾಯಲ್ಲಿ ಬಿಸಿಬೂದಿಯೊಳಗೆ ಹೂತೆ. ಎರಡು ದಿನ ಅಲ್ಲೇ ಕೂತೆ. ಕುದಿಯುವ ಕಬ್ಬಿನ ಹಾಲಿನ ಸಿಹಿ ಆವಿಯಲ್ಲಿ ಹೊಲ, ಎತ್ತು, ಗಾಣ ಸುತ್ತುವ ಕೋಲು ಎಲ್ಲ ಅಳ್ಳಾಡುತ್ತ, ನಾನೇ ಯಾರದೋ ಕನಸಿನಲ್ಲಿ ಕೂತಿದ್ದೇನೆ ಅನ್ನಿಸುತ್ತಿತ್ತು. ಗಾಣದವರು ಬಂದು ಬಂದು ನೋಡಿ ಹೋದರು.

"ಅಳಿಯಂದಿರು ಏನ ಮಾಡಾಕತ್ತಾರ?"

"ಕಬ್ಬಿಣದ ಹೋಳಿಗಿ ಬೇಯಸಾಕತ್ತಾರ. ಬೆಂದಮ್ಯಾಲೆ ನಿನಗೂ ಒಂದು ಕೊಡ್ತಾರ, ಹಲ್ಲು ಗಟ್ಟಿ ಮಾಡ್ಕೋ."

ತೆಗೆದಾಗ ಕರಿಯ ಹಲಗೆಯೊಂದು ಹೊರಬಂತು. ತಟ್ಟಿದರೆ ಮರದ ದನಿಯೂ ಅಲ್ಲ, ಕಲ್ಲಿನ ದನಿಯೂ ಅಲ್ಲ. ಮುಚ್ಚಿದ ಬಾಗಿಲಾಚೆ ಯಾರೋ ಕೆಮ್ಮಿದ ಹಾಗೆ. ಗಾಲಿಗೆ ಬೇಕಾದಷ್ಟು ಕೊಯ್ದುಕೊಂಡು, ಉಳಿದ ತುಂಡನ್ನು ಎರಡು ಇಟ್ಟಿಗೆಗಳ ಮೇಲೆ ಸೇತುವೆಯ ಹಾಗಿಟ್ಟು ಸಾವ್ಕಾರ್ರಿಗೆ ನಿಲ್ಲಲು ಹೇಳಿದೆ. ಅವರು ಚಪ್ಪಲಿ ಕಳಚಿ ಹತ್ತಿ ನಿಂತರು. ಅದು ಸ್ವಲ್ಪ ಬಾಗಿತು, ಮುರಿಯಲಿಲ್ಲ.

"ನನ್ನ ಹೊತ್ತದ್ದು ಮೋಟಾರನ್ನೂ ಹೊರತೈತಿ" ಎಂದು ಅವರು ಒಪ್ಪಿದರು. "ಖರೆ ಮಿಸ್ತ್ರಿ, ಹಿತ್ತಾಳಿ ಗಾಲಿ ಸಾಮಾನಿನ ಪೆಟ್ಟಿಗ್ಯಾಗ ಇರ್ಲಿ."

ಗಾಲಿಗೆ ಹಲ್ಲು ಕೊರೆದು ಎಂಜಿನ್ನಿಗೆ ಕೂರಿಸಿದೆ. ಹಳೆಯ ಮೆತ್ತನೆಯ ಸದ್ದು ತಿರುಗಿ ಬಂತು. ಅವಳು ಮೂಲೆಯಲ್ಲಿ ಕೂತಳು. ಹುಣಸೆಮರ ದಾಟಿದ ಮೇಲೆ ಅವಳ ತಲೆ ಒಮ್ಮೆ ವಾಲಿತು, ಎದ್ದಿತು, ಮತ್ತೆ ವಾಲಿತು. ನಾನು ಹಿಂದಿನಿಂದ ಕಿಟಕಿಯಲ್ಲಿ ನೋಡುತ್ತಿದ್ದೆ. ಘೋಡಗೇರಿಯ ಹತ್ತಿರ ಅವಳ ಕೈ ಸಡಿಲಾಗಿ ಎಲೆ ಅಡಿಕೆ ಜಾರಿ ಬಿತ್ತು. ಅದೇ ಹೊತ್ತಿಗೆ ಎಂಜಿನ್ನು ನಿಂತಿತು. ಅವಳು ಬೆಚ್ಚಿ ಕಣ್ಣು ತೆರೆದಳು.

ಜನ ಇಳಿದು ಬೇವಿನ ನೆರಳಲ್ಲಿ ಕೂತರು. ನಾನು ಗಾಲಿಯನ್ನು ಹೊರಗೆ ತೆಗೆದೆ. ವಿಚಿತ್ರವೆಂದರೆ ಎಲ್ಲ ಹಲ್ಲೂ ಹೋಗಿರಲಿಲ್ಲ. ಎದುರೆದುರಿನ ಎರಡು ಕಡೆ ಮಾತ್ರ ಸಿಪ್ಪೆ ಸುಲಿದ ಹಾಗೆ ಕಿತ್ತುಹೋಗಿದ್ದವು. ಮಿಕ್ಕ ಎರಡು ಕಡೆ ಒಂದು ಗೀರೂ ಇಲ್ಲ.

"ಮಿಸ್ತ್ರಿ, ಹಾಲಹಲ್ಲು ಬಿದ್ದಾವ. ಚಾವಣಿ ಮ್ಯಾಲೆ ಒಗಿ, ಹೊಸಾವು ಬರ್ತಾವ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಸಾವ್ಕಾರ್ರು ನಗಲಿಲ್ಲ; ಹಿತ್ತಾಳೆಯ ಗಾಲಿಗೆ ಕೈ ಚಾಚಿದರು.

ಅವಳು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮುರಿದ ಕಡೆಯಿಂದ ನಾರಿನ ಎಳೆಯೊಂದನ್ನು ಹಿಡಿದು ಜಗ್ಗಿದಳು. ಅದು ಒರೆಯಿಂದ ಕತ್ತಿ ಬಂದ ಹಾಗೆ ಸಲೀಸಾಗಿ ಬಂತು.

"ಇದಕ್ಕ ಎಣ್ಣಿ ಹತ್ತೇ ಇಲ್ಲ ನೋಡ್ರಿ. ನಾರು ತೊಳದಿದ್ರೇನು?"

"ಕೆರ್‍ಯಾಗ ಕೊಳಸಿ ತಗದ ನಾರ ಅದು. ಮತ್ತ ಯಾಕ ತೊಳೀಬೇಕು?"

"ಲೋಳಿ ಹಂಗ ಐತಿ. ಲೋಳಿ ಮ್ಯಾಲೆ ಏನ ಹತ್ತತೈತಿ? ಬೂದಿನೀರಾಗ ಕುದಿಸಿ ಒಣಗಸ್ಬೇಕಿತ್ತು." ಅವಳು ಗಾಲಿಯನ್ನು ತಿರುಗಿಸಿ ನೋಡಿದಳು. ಅವಳ ಹುಬ್ಬು ಗಂಟಾಯಿತು. ಕೌದಿಯ ಮೇಲೆ ಬಗ್ಗಿದಾಗ ಆಗುತ್ತಿದ್ದ ಹಾಗೆ. "ಎಲ್ಲಾ ಎಳಿ ಒಂದ ಕಡೆ ಯಾಕ ಹಾಸೀರಿ?"

"ಬಲಾ ಬರ್ಲಿ ಅಂತ. ಸಾವ್ಕಾರ್ರು ಮ್ಯಾಲೆ ನಿಂತ್ರೂ ಮುರೀಲಿಲ್ಲ."

"ಉದ್ದಕ ನಿಂತಿದ್ರು. ಅಡ್ಡ ನಿಂದರಿಸಿ ನೋಡಿದ್ರೇನು?"

ಎಲ್ಲ ಬಗೆಯ ಕೇಡನ್ನೂ ಮೊದಲೇ ನೆನೆಸಿ ಇಡುವವನು ಇದೊಂದನ್ನು ನೆನೆಸಿರಲಿಲ್ಲ. ನಾರು ತನ್ನ ಉದ್ದಕ್ಕೆ ಎಷ್ಟು ಬಲವೋ ಅಡ್ಡಕ್ಕೆ ಅಷ್ಟೇ ದುರ್ಬಲ. ಗಾಲಿಯಾದರೋ ದುಂಡಗಿರುವಂಥದ್ದು; ಅದರ ಹಲ್ಲು ಎಲ್ಲ ದಿಕ್ಕಿಗೂ ಮುಖ ಮಾಡಿರುತ್ತವೆ. ಎಳೆ ಹಲ್ಲಿನೊಳಗೆ ಬೇರಿನ ಹಾಗೆ ಹೊಕ್ಕಿದ್ದಲ್ಲಿ ಹಲ್ಲು ಉಳಿದಿತ್ತು. ಎಳೆ ಅಡ್ಡ ಹಾದುಹೋದಲ್ಲಿ ಎಳೆಯೂ ಹೋಯಿತು, ಹಲ್ಲೂ ಹೋಯಿತು.

"ಕೌದಿ ಹಿಂಗ ಹಾಸಿದ್ರ ಒಂದು ಮಳಿಗಾಲ ಬಾಳಕಿ ಬರೂದಿಲ್ಲ" ಎಂದಳು. "ಒಂದು ಪದರ ಉದ್ದ ಹಾಕಿದ್ರ ಅದರ ಮ್ಯಾಲಿಂದು ಅಡ್ಡ, ಅದರ ಮ್ಯಾಲಿಂದು ಮೂಲಿಗೆ. ಆಮ್ಯಾಲೆ ಎಲ್ಲಾ ಕೂಡಿ ಹೊಲಿಗಿ. ನಿಮಗ ಯಾರ ಹೇಳಿದ್ರು ಇದನ್ನ ಒಬ್ಬರ ಮಾಡ್ರಿ ಅಂತ?"

ಸಾವ್ಕಾರ್ರು ಕೇಳಿಸಿಕೊಂಡರು. "ಕೌದಿ ಹೊಚ್ಚಿ ನನ್ನ ಎಂಜಿನ್ನನ್ನ ಮಲಗಸ್ತೀರಿ ಏನ್ರವ್ವಾ?" ಎಂದರು. ಆಮೇಲೆ ಅವಳ ಕಣ್ಣು ನೋಡಿದರು. ಕೆಳಗಿನ ಕಪ್ಪು ಕೆನ್ನೆಯವರೆಗೆ ಇಳಿದಿತ್ತು. ದನಿ ತಗ್ಗಿಸಿ, "ಇನ್ನೊಂದು ಸಲ. ಅದೂ ಮುರದ್ರ ಹಿತ್ತಾಳೀದ ಕಾಯಂ. ದಾರ್‍ಯಾಗ ಜನರನ್ನ ಕುಂದರ್ಸಾಕ ನನಗಾಗೂದಿಲ್ಲ" ಎಂದರು.

ಆ ಇನ್ನೊಂದು ಸಲಕ್ಕಾಗಿ ನಮ್ಮ ಅಂಗಳ ಹದಿನೈದು ದಿನ ಕೆಲಸದ ಮನೆಯಾಯಿತು. ಅವಳು ನಾರನ್ನು ಬೂದಿನೀರಿನಲ್ಲಿ ಕುದಿಸಿದಳು, ಬಡಿದಳು, ನಾಲ್ಕು ನೀರಿನಲ್ಲಿ ತೊಳೆದಳು, ಬಿಸಿಲಿಗೆ ಹರವಿದಳು. ಮುಟ್ಟಿದರೆ ಹೊಸ ನಾರು ಒರಟಾಗಿ ಬೆರಳಿಗೆ ಹಿಡಿಯುತ್ತಿತ್ತು. ಮೋಡವಾದ ಎರಡು ದಿನ ಅದನ್ನು ಒಳಗೆ ಒಲೆಯ ಮೇಲಿನ ಅಟ್ಟದಲ್ಲಿಟ್ಟಳು. ತೇವ ಉಳಿದರೆ ಬೇಯುವಾಗ ಒಳಗೆ ಗುಳ್ಳೆ ಏಳುತ್ತದೆಂದು ಅವಳಿಗೆ ಹೇಗೋ ಗೊತ್ತಿತ್ತು, ಹಪ್ಪಳ ಮಾಡುವವರಿಗೆ ಗೊತ್ತಿರುವ ಹಾಗೆ. ನನ್ನ ಎರಡನೆಯ ಧೋತರವೂ ಹೋಯಿತು. ಉದ್ದ, ಅಡ್ಡ, ಮೂಲೆ. ಮತ್ತೆ ಉದ್ದ, ಅಡ್ಡ, ಮೂಲೆ. ತುಕ್ಕು ಹಿಡಿದ ಸೂಜಿಯನ್ನು ಇಟ್ಟಿಗೆಗೆ ಉಜ್ಜಿ, ಪದರಗಳನ್ನೆಲ್ಲ ಕೂಡಿಸಿ ಒತ್ತೊತ್ತಾಗಿ ಹೊಲಿದಳು. ನಡುನಡುವೆ ಅವಳ ಕೈ ನಿಂತುಬಿಡುತ್ತಿತ್ತು. ಯಾವ ಪದರದಲ್ಲಿದ್ದೆನೆಂದು ಮರೆತು ನನ್ನನ್ನು ನೋಡುತ್ತಿದ್ದಳು. "ಅಡ್ಡ" ಎಂದು ನಾನು ಹೇಳುತ್ತಿದ್ದೆ. ಕೈ ಮತ್ತೆ ನಡೆಯುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ದೂರದ ಜಲಪಾತದ ಸದ್ದು ಗಾಳಿ ತಿರುಗಿದಾಗೊಮ್ಮೆ ಬಂದು ಹೋಗುತ್ತಿತ್ತು, ಮತ್ತು ನಾವಿಬ್ಬರೂ ಇನ್ನೂ ಹುಟ್ಟದ ಯಾವುದೋ ಕೂಸಿಗೆ ಹಾಸಿಗೆ ಹೊಲಿಯುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತಿತ್ತು. ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಕೇರೆಣ್ಣೆ ಕಾಸಿ ನನ್ನ ಮುಖ ಮತ್ತೆ ಬಾತಿತ್ತು.

ಮೂಡಲಗಿಯ ಒಲೆಯಲ್ಲಿ ಈ ಸಲ ಮೂರು ದಿನ ಇಟ್ಟೆ. ತುಂಡನ್ನು ಇಟ್ಟಿಗೆಗಳ ಮೇಲೆ ಉದ್ದಕ್ಕಿಟ್ಟು ಸಾವ್ಕಾರ್ರನ್ನು ನಿಲ್ಲಿಸಿದೆ. ಅಡ್ಡಕ್ಕಿಟ್ಟು ನಿಲ್ಲಿಸಿದೆ. ಮೂಲೆಗಿಟ್ಟು ನಿಲ್ಲಿಸಿದೆ. "ನಾ ಏನ ತಕ್ಕಡಿ ಕಲ್ಲೇನೋ?" ಎಂದರು, ಆದರೂ ನಿಂತರು. ಮೊದಲಿನದಕ್ಕಿಂತ ಉದ್ದಕ್ಕೆ ತುಸು ಹೆಚ್ಚೇ ಬಾಗಿತು. ಅಡ್ಡಕ್ಕೆ ಮಾತ್ರ ಮುರಿಯಲಿಲ್ಲ.

ಗಾಲಿ ಹಾಕಿದ ದಿನ ಇದ್ದಿಲ ಡಬ್ಬಿಯ ಹತ್ತಿರ ಬೇರೊಬ್ಬರನ್ನು ನಿಲ್ಲಿಸಿ ನಾನು ಒಳಗೆ ಅವಳ ಪಕ್ಕದಲ್ಲೇ ಕೂತೆ. ಎಂಜಿನ್ನಿನ ಸದ್ದನ್ನು ಹತ್ತಿರದಿಂದ ಕೇಳಬೇಕಿತ್ತು. ತೊಡೆಯ ಮೇಲೆ ಹಿತ್ತಾಳೆಯ ಗಾಲಿ, ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ. ಬುಳುಬುಳು ಸದ್ದು ಶುರುವಾಯಿತು. ಹುಣಸೆಮರ ದಾಟಿತು. ನಾನು ಒಂದೊಂದು ಹಲ್ಲನ್ನೂ ಎಣಿಸುವ ಹಾಗೆ ಕಿವಿ ಕೊಟ್ಟಿದ್ದೆ. ಮಂಜು, ಕಬ್ಬಿನ ಸುಳಿ, ತೇಲುವ ರುಮಾಲು. ಹದಿನೈದು ದಿನ ಬಿಸಿಬೂದಿ, ಕೇರೆಣ್ಣೆ, ಬಾವು. ಅವಳ ಕಡೆ ನೋಡಿದೆ. ಅವಳು ಕಣ್ಣು ಅಗಲ ಮಾಡಿ ಕೂತಿದ್ದಳು. ಸದ್ದು ಮೆತ್ತಗಿದೆ, ಆದರೂ ನಿದ್ದೆ ಬಂದಿಲ್ಲ. ಹಾಗಾದರೆ ಇಷ್ಟು ದಿನ ಮಾಡಿದ್ದು... ಎಂದು ಒಂದು ಚಿಂತೆಯನ್ನು ಹಿಡಿದುಕೊಂಡದ್ದು ನೆನಪಿದೆ. ಅದು ಎಲ್ಲಿ ಮುಗಿಯಿತೋ ನೆನಪಿಲ್ಲ.

ಯಾರೋ ಭುಜ ಅಲುಗಿಸಿದರು. ಹುಕ್ಕೇರಿ. ನನ್ನ ತಲೆ ಅವಳ ಹೆಗಲ ಮೇಲಿತ್ತು. ಇಡೀ ಮೋಟಾರಿನ ಜನರ ಎದುರು, ಹಗಲಿನಲ್ಲಿ, ಹೆಂಡತಿಯ ಹೆಗಲ ಮೇಲೆ. ಮೂವರು ಮುದುಕಿಯರು ಇಳಿಯದೆ ನೋಡುತ್ತ ನಿಂತಿದ್ದರು.

"ಗಾಲಿ?" ಎಂದೆ.

"ಗಾಲಿ ಚೊಲೋ ಐತಿ. ನಿಮ್ಮ ಜೊಲ್ಲು ನನ್ನ ಕುಬಸದ ಮ್ಯಾಲೆ ಐತಿ."

"ನೀ ಯಾಕ ಮಲಗಲಿಲ್ಲ?"

ಅವಳು ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. "ಹೆಂಗ ಮಲಗ್ಲಿ? ಹೊಲಿಗಿ ಬಿಚ್ಚಿದ್ರ ಅಂತ ಕೇಳಕೋತ ಬಂದೆ. ಮೂಲಿ ಪದರ ಒಂದು ತಪ್ಪಿದೆನೋ ಅಂತ ಸಂಶಯ ಇತ್ತು. ಏರಿನಾಗ ಖರೇನ ಜೀವ ಹೋಗಿತ್ತು ನಂದು."

ಚಿಂತೆ. ಅವಳು ಚಿಂತೆ ಮಾಡಿದ್ದಳು. ಜ್ವರದ ಮೇಲೆ ಅವಳ ಎಚ್ಚರ ಬರೀ ಖಾಲಿ ಎಚ್ಚರವಾಗಿತ್ತು. ಅದರಲ್ಲಿ ವಾರಗಳಿರಲಿಲ್ಲ, ರೊಟ್ಟಿಯಿರಲಿಲ್ಲ, ಕೆಲವು ಸಲ ನಾನೂ ಇರಲಿಲ್ಲ. ಈ ಎಚ್ಚರದಲ್ಲಿ ಒಂದು ಗಾಲಿಯಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಸಾವ್ಕಾರ್ರು ಚಹಾ ಕುಡಿದು ಬರುವವರೆಗೆ ಅದನ್ನೇ ಚಿಂತಿಸಿದೆ.

ವಾಪಸು ಹೊರಟೆವು. ಬಿಸಿಲು ಇಳಿದಿತ್ತು. ಅವಳು ಎಲೆಗೆ ಸುಣ್ಣ ಹಚ್ಚುತ್ತ, "ಈಗ ಗಾಲಿ ಸದ್ದು ನೀವು ಕೇಳ್ರಿ. ನನಗ ಸಾಕಾತು" ಎಂದಳು. ಕೇಳಿದೆ. ನೂಲಿಗೆ ನೂಲು ಉದ್ದ, ಅಡ್ಡ, ಮೂಲೆ ಹಿಡಿದುಕೊಂಡ ಆ ಕರಿಯ ಗಾಲಿ ಎಣ್ಣೆಯೊಳಗೆ ತಿರುಗುತ್ತಲೇ ಇತ್ತು. ಯುದ್ಧ ಮುಗಿದು ಸಮುದ್ರದಾಚೆಯಿಂದ ನಿಜವಾದ ಗಾಲಿ ಬರುವವರೆಗೂ ಅದು ಹಾಗೆಯೇ ತಿರುಗುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ಅದು ನಮ್ಮ ಅಡುಗೆಮನೆಯಲ್ಲಿ ಸಾರಿನ ಗಡಿಗೆಯ ಕೆಳಗೆ ಕೂತಿದೆ. ಬಿಸಿ ಗಡಿಗೆ ಇಟ್ಟಾಗಲೆಲ್ಲ ಇವತ್ತು ಬಿರಿಯುತ್ತದೆ ಎಂದು ನಾನು ಕಾಯುತ್ತೇನೆ.

ಏರು ಬಂತು. ಗಂಡಸರು ಇಳಿದರು. ನಾನೂ ಇಳಿಯಲು ಎದ್ದೆ, ಎದ್ದವನಿಗೆ ಅವಳ ಸೆರಗು ತೊಡರಿತು. ಅದರ ತುದಿಯಲ್ಲಿ ಅವಳ ಸಡಿಲಾದ ಕೈ ಇತ್ತು; ಕೈಯಲ್ಲಿ ಮಡಚಿದ ಎಲೆ, ಬಾಯಿಗೆ ಹೋಗದೆ ಉಳಿದದ್ದು. ಬಿಡಿಸಿಕೊಂಡು ಇಳಿದು ಮೋಟಾರಿನ ಪಕ್ಕದಲ್ಲಿ ನಡೆದೆ. ಮುಂದೆ ರಸ್ತೆಯ ನಡುವೆ ಕುರಿಗಳ ಹಿಂಡು. ಸಾವ್ಕಾರ್ರ ಕೈ ಅಭ್ಯಾಸದಿಂದ ಹಾರ್ನಿನ ಬುಗ್ಗೆಗೆ ಹೋಯಿತು, ಅದರ ಮೇಲೆ ಸ್ವಲ್ಪ ಹೊತ್ತು ಕೂತಿತು, ಹಾಗೆಯೇ ಇಳಿಯಿತು. ಕುರಿಗಳು ತಮಗೆ ತಿಳಿದಾಗ ದಾರಿ ಬಿಟ್ಟವು.